"ಯುಎ 13+" ಅನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಹೇಗೆ ಬರೆಸೋದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮೂರ ಟಾಕೀಸಿನ ಟಿಕೆಟ್ ಕೌಂಟರ್ ಮೇಲೆ ಒಂದು ಬೋರ್ಡ್ ಬರೆಸಬೇಕು. ಶುಕ್ರವಾರ ಹೊಸ ಪಿಕ್ಚರ್ ಬರುತ್ತದೆ, ಅದಕ್ಕೆ ಸಿನಿಮಾ ಸರ್ಟಿಫಿಕೇಟ್ ಮಂಡಳಿ ಕೊಟ್ಟ ವಯಸ್ಸಿನ ಗುರುತು "ಯುಎ 13+", ಪೇಂಟರ್ ಇವತ್ತು ಸಂಜೆಯೊಳಗೆ ಬರಹ ಕೇಳಿದ್ದಾರೆ. ಮ್ಯಾನೇಜರ್ ಕೊಟ್ಟಿದ್ದು "13 ವರ್ಷ ಮೇಲ್ಪಟ್ಟವರಿಗೆ ಮಾತ್ರ" ಅಂತ. ನನಗೆ ಯಾಕೋ ಸರಿ ಕಾಣಲಿಲ್ಲ. ಒಂದೇ ಸಾಲಿನಲ್ಲಿ ಮುಗಿಯಬೇಕು. ದಯವಿಟ್ಟು ಬೇಗ ಹೇಳಿ.

ಉತ್ತರ 1:
ಮೊದಲು ಆ "ಮಾತ್ರ" ತೆಗೆಸಿ. ಅದು "ಎ" ಚಿತ್ರಕ್ಕೆ ಸೇರಿದ ಮಾತು. 18 ತುಂಬದವರನ್ನು "ಎ" ಚಿತ್ರಕ್ಕೆ ಬಿಟ್ಟರೆ ಟಾಕೀಸಿನವರ ಮೇಲೇ ಕೇಸು. ಯುಎ ಹಾಗಲ್ಲ. ಹತ್ತು ವರ್ಷದ ಹುಡುಗನನ್ನು ಅಪ್ಪ ಅಮ್ಮ ಕರೆದುಕೊಂಡು ಬಂದರೆ ಗೇಟಿನವರು ತಡೆಯುವ ಹಾಗಿಲ್ಲ, ಆ ವಯಸ್ಸಿನ ಗುರುತು ಇರುವುದೇ ಹೆತ್ತವರಿಗೆ ತಿಳಿಯಲಿ ಅಂತ. ನಿಮ್ಮ ಮ್ಯಾನೇಜರ್ ಬರಹ ಹಾಕಿದರೆ ಟಿಕೆಟ್ ತಗೊಳ್ಳೋಕೆ ಬಂದ ಎಷ್ಟೋ ಸಂಸಾರಗಳು ಸುಮ್ನೆ ವಾಪಸ್ ಹೋಗುತ್ತವೆ.

1983ರಲ್ಲಿ ಯುಎ ಬಂದಾಗ 12ರ ಒಳಗಿನ ಎಲ್ಲ ಮಕ್ಕಳಿಗೂ ಒಂದೇ ಎಚ್ಚರಿಕೆ ಇತ್ತು. ಐದು ವರ್ಷದ ಮಗು ರಾತ್ರಿಯೆಲ್ಲ ನಿದ್ದೆಗೆಡುವಂಥ ದೃಶ್ಯ ಹನ್ನೊಂದರ ಹುಡುಗಿಗೆ ಏನೂ ಅನ್ನಿಸದೇ ಇರಬಹುದು, ಅಲ್ವಾ? ಸಿನಿಮಾ ಕಾಯ್ದೆಯ 2023ರ ತಿದ್ದುಪಡಿ ಅದನ್ನೇ 7, 13, 16 ಎಂದು ಒಡೆಯಿತು. ಹಾಗಾಗಿ ಹೀಗೆ ಬರೆಸಿ: "ಯುಎ 13+: 13 ತುಂಬದ ಮಕ್ಕಳಿಗೆ ತೋರಿಸುವುದು ಹೆತ್ತವರ ತೀರ್ಮಾನ."

ಉತ್ತರ 2:
ಯುಎ, ಪ್ಲಸ್ಸು, ಇದರಲ್ಲಿ ಕನ್ನಡ ಎಲ್ಲಿದೆ? ಯು, ಯುಎ, ಎ ಬದಲು "ಎಲ್ಲರಿಗೂ", "ಹೆತ್ತವರು ನೋಡಿ", "ಬೆಳೆದವರಿಗೆ" ಅನ್ನಿ. ಗುರುತಿಗೆ ಎ, ಹೆ, ಬೆ ಸಾಕು. ಇನ್ನೊಂದು ಮಾತು. ದಯವಿಟ್ಟು "ಸೆನ್ಸಾರ್" ಎನ್ನುವುದನ್ನು ಬಿಡಿ. ಸೆನ್ಸಾರ್ ಎಂದರೆ ಹಳೇ ರೋಮಿನಲ್ಲಿ ಜನರ ಲೆಕ್ಕ ಬರೆದು ಅವರ ನಡತೆಯನ್ನೂ ಕಾಯುತ್ತಿದ್ದ ಅಧಿಕಾರಿ. ಸೆನ್ಸಸ್ಸಿನ ಬೇರೂ ಅದೇ. ಮಂಡಳಿ ತನ್ನ ಹೆಸರಿನಿಂದ ಆ ಪದವನ್ನು 1983ರಲ್ಲೇ ತೆಗೆದುಹಾಕಿದೆ, ನಾವಿನ್ನೂ ಹೊತ್ತುಕೊಂಡು ತಿರುಗುತ್ತಿದ್ದೇವೆ.

ಉತ್ತರ 3:
ಸೆನ್ಸಾರ್ ಬಗ್ಗೆ ಇಲ್ಲಿ ಯಾರೂ ಕೇಳಲಿಲ್ಲ. "ಎಲ್ಲರಿಗೂ" ಅಂತ ಪೋಸ್ಟರಿನ ಮೇಲೆ "ಎ" ಹಾಕಿ ನೋಡಿ, ಮಕ್ಕಳ ಸಿನಿಮಾಕ್ಕೆ ಒಂದು ಮಗುವೂ ಬರುವುದಿಲ್ಲ. ಯು, ಯುಎ, ಎ ಈಗ ಪದಗಳಲ್ಲ, ಗುರುತುಗಳು. ಪ್ರತಿ ಸಿನಿಮಾ ಶುರುವಾಗುವ ಮುಂಚೆ ಪರದೆಯ ಮೇಲೆ ಬರುವ ಸರ್ಟಿಫಿಕೇಟಿನಲ್ಲಿ ಜನ ನೋಡುವುದು ಅವನ್ನೇ. ಗುರುತನ್ನು ಬದಲಾಯಿಸಬೇಡಿ, ಅದರ ಅರ್ಥವನ್ನು ಕನ್ನಡದಲ್ಲಿ ಕೊಡಿ.

ಉತ್ತರ 2:
ಹೀಗೆ ಒಂದೊಂದೇ ಬಿಟ್ಟುಕೊಟ್ಟೇ ಇಲ್ಲಿಗೆ ಬಂದಿದ್ದೇವೆ.

ಉತ್ತರ 3:
ಕುರ್ಚಿ ಅರಬ್ಬಿಯಿಂದ ಬಂತು. ಅದರಿಂದ ಕನ್ನಡ ಬಡವಾಯಿತೇ? ಅರ್ಥ ತಪ್ಪಿದ ಅಚ್ಚಗನ್ನಡಕ್ಕಿಂತ ಅರ್ಥ ಮುಟ್ಟಿಸುವ ಎರವಲು ಲೇಸು.

ಉತ್ತರ 1:
ಜಗಳ ಇನ್ನೊಂದು ದಿನ ಆಡೋಣ. "ಹೆತ್ತವರು" ಬಗ್ಗೆ ನಾನೇ ಮತ್ತೆ ಯೋಚಿಸಿದೆ. ಅಜ್ಜಿಯ ಜೊತೆ ಬೆಳೆಯುವ ಮಕ್ಕಳಿದ್ದಾರೆ. ಶಾಲೆಯ ಚೀಟಿಗಳಲ್ಲಿ ಬರುವ "ಪೋಷಕರು" ಇಬ್ಬರಿಗೂ ಒಪ್ಪುತ್ತದೆ. "ದೊಡ್ಡವರ ಜೊತೆ ಬನ್ನಿ" ಅಂತ ಮಾತ್ರ ಬರೆಸಬೇಡಿ, ಪಕ್ಕದ ಮನೆಯ ಅಣ್ಣನೂ ದೊಡ್ಡವನೇ.

ಕೇಳಿದವರು:
ತುಂಬಾ ಥ್ಯಾಂಕ್ಸ್. ಪೇಂಟರಿಗೆ ಕಳಿಸಿದ್ದು ಇದು: "ಯುಎ 13+: 13 ತುಂಬದ ಮಕ್ಕಳಿಗೆ ತೋರಿಸುವುದು ಪೋಷಕರ ತೀರ್ಮಾನ." ಕೆಳಗಿನ ಸಾಲಿಗೆ "ಎ: 18 ತುಂಬಿದವರಿಗೆ ಮಾತ್ರ" ಅಂತ ಸೇರಿಸಿದ್ದೇನೆ. ಮ್ಯಾನೇಜರ್ ಒಪ್ಪಿದರು.