ಪದ ಬೇಕಿತ್ತು: ಎಳೆಗೂಸುಗಳ ಐಸಿಯು ಬೋರ್ಡಿಗೆ ‘ಕ್ಯಾಥೆಟರ್ ಸೋಂಕು’

ನಮಸ್ಕಾರ. ಮಂಡ್ಯದಲ್ಲಿ ಎಳೆಗೂಸುಗಳ ಐಸಿಯುಗೆ ಒಂದು ಬೋರ್ಡು ಆಗಬೇಕು. ಫ್ಲೆಕ್ಸಿನವರು ಸಂಜೆಯೊಳಗೆ ಕೊಡಿ ಅಂತಿದ್ದಾರೆ. ಬಂದಿರುವ ಕರಡು: ‘ಕೇಂದ್ರೀಯ ತೂರುನಳಿಕೆ ಸಂಬಂಧಿತ ರಕ್ತಪ್ರವಾಹ ಸೋಂಕಿನ ತಡೆಗಟ್ಟುವಿಕೆ’. ತೂರುನಳಿಕೆ ಅಂದರೆ ಕ್ಯಾಥೆಟರ್, ದೊಡ್ಡ ರಕ್ತನಾಳದವರೆಗೆ ತೂರಿಸುವ ತೆಳು ಕೊಳವೆ. ನಾವು ಲೈನು ಅನ್ನುವುದು ಇದನ್ನೇ. ಸಿಸ್ಟರ್‌ಗಳು ಓದಿ ನಕ್ಕರು. ಕೆಳಗೆ, ಲೈನಿಗೆ ಔಷಧಿ ಹಾಕುವ ಮುಂಚೆ ಹಬ್ಬನ್ನು (ಸಿರಿಂಜು ಸಿಕ್ಕಿಸುವ ಹೊರತುದಿ) ಸ್ಪಿರಿಟ್ ಸ್ವಾಬಿನಿಂದ 15 ಸೆಕೆಂಡು ‘ಸ್ವಚ್ಛಗೊಳಿಸಿ’ ಅಂತಿದೆ. ಸರಿಯಾದ ಕನ್ನಡ ಹೇಳಿ.

ಉತ್ತರ 1 (ಮೈಸೂರು)
ತೂರುನಳಿಕೆ ಚೆನ್ನಾಗೇ ಇದೆ, ಬಿಡಬೇಡಿ. ಸೋಂಕು ಮಾತ್ರ ತಪ್ಪು. ಸೋಂಕು ಅಂದರೆ ಮೂಲದಲ್ಲಿ ಬರೀ ತಾಗುವುದು. ರಕ್ತಕ್ಕೆ ಇಳಿದ ಮೇಲೆ ಅದು ನಂಜು. ನಂಜುಂಡನ ಊರು ಪಕ್ಕದಲ್ಲೇ ಇದ್ದೂ ಈ ಪದ ನೆನಪಾಗಲಿಲ್ವಾ? ‘ನೆತ್ತರುನಂಜು’ ಅನ್ನಿ, ಮುಗಿಯಿತು.

ಉತ್ತರ 2 (ಮೈಸೂರು, ಮಕ್ಕಳ ಡಾಕ್ಟರು)
ಮುಗಿಯಲಿಲ್ಲ ಸಾರ್. ಬಾಗಿಲಲ್ಲಿ ‘ನೆತ್ತರುನಂಜು’ ನೋಡಿದ ಬಾಣಂತಿ ಮಗುವಿಗೆ ಯಾರೋ ವಿಷ ಹಾಕಿದರು ಅಂದುಕೊಳ್ಳುತ್ತಾಳೆ. ತಾಗುವುದು ಅಂತ ನೀವೇ ಹೇಳಿದ ಅರ್ಥ ಇಲ್ಲಿ ಸರಿಯಾಗಿ ಕೂರುತ್ತದೆ, ಯಾಕೆಂದರೆ ಕ್ರಿಮಿ ಎಷ್ಟೋ ಸಲ ನಮ್ಮ ಕೈಯಿಂದ ಹಬ್ಬಿಗೆ, ಹಬ್ಬಿನಿಂದ ಕೊಳವೆಯೊಳಗೆ, ಅಲ್ಲಿಂದ ರಕ್ತಕ್ಕೆ ಹೋಗುತ್ತದೆ. ಸೋಂಕು ಇರಲಿ.
ತಿದ್ದಬೇಕಾದದ್ದು ‘ಸ್ವಚ್ಛಗೊಳಿಸಿ’. ಹಾಗೆಂದರೆ ಜನ ಒಂದು ಸಲ ಒರೆಸಿ ಬಿಡುತ್ತಾರೆ. ಇಲ್ಲಿ ಬೇಕಾದದ್ದು ಉಜ್ಜುವುದು. ಹಬ್ಬಿನ ಮೂತಿ, ಅದರ ತಿರುಪಿನ ಸಂದು, ಎಲ್ಲ ಕಡೆ ತಿರುಗಿಸಿ ಒತ್ತಿ ಉಜ್ಜಬೇಕು. ಆಮೇಲೆ ಸ್ಪಿರಿಟ್ ತಾನಾಗಿ ಆರಬೇಕು, ಊದಿ ಆರಿಸುವವರೂ ಇದ್ದಾರೆ ಪುಣ್ಯಾತ್ಮರು! ಜಾಗ ಉಳಿದರೆ ಇನ್ನೊಂದು ಸಾಲು ಹಾಕಿ: ‘ಈ ಲೈನು ಇವತ್ತೂ ಬೇಕಾ?’ ಹೊಕ್ಕುಳ ಲೈನಾಗಲಿ, ಕೈಯ ರಕ್ತನಾಳದ ಮೂಲಕ ಹಾಕಿದ ಪಿಕ್ ಲೈನಾಗಲಿ, ಬೇಡವಾದ ದಿನವೇ ತೆಗೆದರೆ ಅರ್ಧ ತಲೆನೋವು ಹೋಗುತ್ತದೆ.

ಉತ್ತರ 3 (ಮಂಡ್ಯ)
ಲೈನು, ಹಬ್ಬು, ಸ್ವಾಬು, ಸ್ಪಿರಿಟ್ಟು. ಕನ್ನಡ ಅಂತ ಉಳಿದದ್ದು ‘ಉಜ್ಜಿ’ ಒಂದೇ. ಅದಕ್ಕೂ ಸ್ಕ್ರಬ್ ಅಂದುಬಿಡಿ.

ಉತ್ತರ 4
ಆಸ್ಪತ್ರೆ ಯಾವ ಊರಿನ ಪದ? ಸೋಪು ಬೇಡ ಸಾಬೂನು ಅನ್ನಿ ಅಂತ ಹೋದ ತಿಂಗಳು ಜಗಳಕ್ಕೆ ಬಂದಿರಲ್ಲ, ಸಾಬೂನೂ ಹಡಗು ಹತ್ತಿ ಬಂದದ್ದೇ. ಸುಮ್ನೆ ಇರಿ.

ಉತ್ತರ 1 (ಮತ್ತೆ)
ಬಂದು ನೆಲೆಸಿದ ಪದ ಬೇರೆ, ನಿನ್ನೆ ಇಳಿದ ಪದ ಬೇರೆ. ಹಬ್ಬಿಗೆ ‘ಬಾಯಿ’ ಸಾಲದಾ? ಬಾಟಲಿಗೆ ಬಾಯಿ ಇದೆ, ಬಾವಿಗೂ ಇದೆ.

ಪ್ರಶ್ನೆ ಕೇಳಿದವರು
ಬಾಯಿ ಚೆನ್ನಾಗಿದೆ ಸಾರ್, ತೆಗೆದುಕೊಂಡೆ. ತೂರುನಳಿಕೆ ಬಿಟ್ಟಿದ್ದೇನೆ, ಬೈಯಬೇಡಿ. ಫ್ಲೆಕ್ಸಿಗೆ ಕಳಿಸಿದ್ದು: ‘ಲೈನಿನಿಂದ ಸೋಂಕು ತಡೆಯೋಣ. ಕೈ ತೊಳೆಯಿರಿ. ಲೈನಿನ ಬಾಯಿ 15 ಸೆಕೆಂಡು ಉಜ್ಜಿ. ಆರಲು ಬಿಡಿ. ಈ ಲೈನು ಇವತ್ತೂ ಬೇಕಾ?’ ಕಾಂಗರೂ ಆರೈಕೆಗೆ (ಮಗುವನ್ನು ಎದೆಗೆ ಮೈ ತಾಗುವಂತೆ ಇಟ್ಟುಕೊಳ್ಳುವುದು) ಬರುವ ತಾಯಂದಿರಿಗೆ ಬೇರೆ ಬೋರ್ಡು ಇದೆ, ಅದರ ಕರಡು ನಾಳೆ ಹಾಕುತ್ತೇನೆ.