ಜೇನಿಗೆ ಕೊಡೋ ಸಕ್ಕರೆ ಪಾಕಕ್ಕೆ ನಿಂಬೆರಸ, ಎಣ್ಣೆ ಅಂತ ಏನಾದ್ರೂ ಸೇರಿಸ್ಬೇಕಾ?

ಪ್ರಶ್ನೆ – ಎರಡು ಪೆಟ್ಟಿಗೆ:
ಎಲ್ರಿಗೂ ನಮಸ್ಕಾರ. ಜೇನು ಸಾಕೋಕೆ ಶುರು ಮಾಡಿ ಇದು ಮೊದಲನೇ ವರ್ಷ. ಈಗ ಸುತ್ತಮುತ್ತ ಹೂವಿಲ್ಲ, ಎರಿಯಲ್ಲಿ (ಗೂಡಿನ ಮೇಣದ ಹಲ್ಲೆಯಲ್ಲಿ) ಜೇನುತುಪ್ಪ ಹೆಚ್ಚುಕಮ್ಮಿ ಖಾಲಿ, ಅದಕ್ಕೆ ಪಾಕ ಇಡ್ತಾ ಇದೀನಿ. ವಿಡಿಯೋ ನೋಡ್ತಾ ಹೋದ್ರೆ ಒಬ್ರು ನಿಂಬೆರಸ ಹಿಂಡಿ ಅಂತಾರೆ, ಇನ್ನೊಬ್ರು ವಿನಿಗರ್, ಮತ್ತೊಬ್ರು ಮಜ್ಜಿಗೆಹುಲ್ಲಿನ ಎಣ್ಣೆ, ಚಿಟಿಕೆ ಉಪ್ಪು, ವಿಟಮಿನ್ ಪುಡಿ. ನಾನು ನಿಂಬೆರಸ ಹಾಕಿ ಚೆನ್ನಾಗಿ ಕುದಿಸಿ ಇಟ್ಟಿದ್ದೆ. ಮೂರ್ನಾಲ್ಕು ದಿನ ಬಿಟ್ಟು ಮುಚ್ಚಳ ತೆಗೆದ್ರೆ ಹುಳಿ ವಾಸನೆ, ಅಂಚಿನ ಸುತ್ತ ಕಪ್ಪು ಚುಕ್ಕಿ ಚುಕ್ಕಿ ಬೂಷ್ಟು, ನಾಲ್ಕೈದು ಜೇನುಹುಳ ಅದರಲ್ಲೇ ಮುಳುಗಿ ಸತ್ತಿದ್ವು. ನೋಡಿ ಹೊಟ್ಟೆ ಉರಿತು. ಏನು ಸೇರಿಸಿದ್ರೆ ಸರಿ ಹೋಗತ್ತೆ ಹೇಳಿ ಪ್ಲೀಸ್.

ಉತ್ತರ – ಹಳೇ ಎರಿ:
ಏನೂ ಸೇರಿಸ್ಬೇಡಿ. ಬಿಳಿ ಸಕ್ಕರೆ, ನೀರು, ಅಷ್ಟೇ. ನಿಂಬೆರಸ ಹಾಕೋದು ಸಕ್ಕರೆನ ಒಡೆದು ಗ್ಲೂಕೋಸು ಫ್ರಕ್ಟೋಸು ಮಾಡೋಕೆ ಅಂತ, ಆದ್ರೆ ಆ ಕೆಲಸನ ಹುಳಗಳೇ ಮಾಡ್ಕೊಳ್ತವೆ, ಇನ್ವರ್ಟೇಸ್ ಅನ್ನೋ ಕಿಣ್ವ ಅವುಗಳ ಜೊಲ್ಲಲ್ಲೇ ಇದೆ, ದಿನಾ ಮಕರಂದಕ್ಕೆ ಮಾಡೋದೂ ಅದನ್ನೇ ತಾನೇ. ಹುಳಿ ಹಾಕಿ ಕುದಿಸಿದ್ರೆ ಎಚ್‌ಎಂಎಫ್ ಅನ್ನೋ ವಸ್ತು ಹುಟ್ಟತ್ತೆ, ನಮಗೆ ಅಷ್ಟು ತೊಂದ್ರೆ ಇಲ್ದೇ ಇರಬಹುದು, ಜೇನಿಗೆ ಅದು ವಿಷ, ಜಾಸ್ತಿ ಆದ್ರೆ ಹೊಟ್ಟೆ ಕೆಟ್ಟು ಸಾಯ್ತವೆ. ಪಾಕ ತಳ ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ರೂ ಕೊಡಬಾರದು. ಬೆಲ್ಲ, ಕಂದು ಸಕ್ಕರೆನೂ ಬೇಡ, ಅದರಲ್ಲಿರೋ ಖನಿಜ ಅವಕ್ಕೆ ಅರಗಲ್ಲ, ಭೇದಿ ಆಗತ್ತೆ, ಪೆಟ್ಟಿಗೆ ಬಾಗಿಲಲ್ಲಿ ಹಳದಿ ಕಂದು ಗೀಟು ಬಿದ್ದಿದ್ರೆ ಗೊತ್ತಾಗತ್ತೆ.

ನೀರು ಬಿಸಿ ಮಾಡಿ, ಒಲೆ ಆರಿಸಿ, ಆಮೇಲೆ ಸಕ್ಕರೆ ಹಾಕಿ ಕಲಸಿ. 1 ಕೆಜಿ ಸಕ್ಕರೆಗೆ 1 ಲೀಟರ್ ನೀರು ಹಾಕಿದ್ರೆ ತೆಳು ಪಾಕ, ರಾಣಿ ಮೊಟ್ಟೆ ಇಡೋದಕ್ಕೆ ಉತ್ತೇಜನ. ಎರಿಯಲ್ಲಿ ದಾಸ್ತಾನು ಮಾಡಿಸ್ಬೇಕು ಅಂದ್ರೆ 2 ಕೆಜಿಗೆ 1 ಲೀಟರ್.

ಉತ್ತರ – ಪರಾಗ:
ಮೇಲಿನವರು ಹೇಳಿದ್ದು ಸರಿ, ಎಣ್ಣೆ ಬಗ್ಗೆ ಒಂದು ಮಾತು. ಮಜ್ಜಿಗೆಹುಲ್ಲಿನ ವಾಸನೆ ಜೇನು ತಮ್ಮವರನ್ನ ಕರೆಯೋಕೆ ಬಿಡೋ ವಾಸನೆ ಥರಾನೇ ಇರತ್ತೆ, ಹಿಂಡು ಹಿಡಿಯೋಕೆ ಖಾಲಿ ಪೆಟ್ಟಿಗೆಗೆ ಒರೆಸೋದು ಅದಕ್ಕೇ. ಹೂವಿಲ್ಲದ ಕಾಲದಲ್ಲಿ ಅದನ್ನೇ ಪಾಕಕ್ಕೆ ಹಾಕಿದ್ರೆ ಪಕ್ಕದ ಪೆಟ್ಟಿಗೆಯ ಬಲವಾದ ಜೇನು ಕುಟುಂಬ ಬಂದು ಲೂಟಿ ಮಾಡತ್ತೆ. ನಂದೊಂದು ಸಣ್ಣ ಕುಟುಂಬ ಹಾಗೇ ಹೋಯ್ತು, ಬೆಳಿಗ್ಗೆ ನೋಡಿದ್ರೆ ಬಾಗಿಲಲ್ಲಿ ಹುಳಗಳು ಜೋಡಿ ಜೋಡಿಯಾಗಿ ಕಚ್ಚಾಡಿ ಉರುಳ್ತಾ ಇದ್ವು, ಸಂಜೆಗೆ ಎರಿ ಪೂರ್ತಿ ಬರಿದು. ಸಂಜೆ ಹೊತ್ತು, ಪೆಟ್ಟಿಗೆ ಒಳಗೇ ಕೊಡಿ, ಬಾಗಿಲು ಕಿರಿದು ಮಾಡಿ, ಹೊರಗೆ ಒಂದು ಹನಿನೂ ಚೆಲ್ಲಬೇಡಿ.

ವಿಟಮಿನ್ ಪುಡಿಗೆ ದುಡ್ಡು ಹಾಕೋ ಬದಲು ಪರಾಗ ಒಳಗೆ ಬರ್ತಿದೆಯಾ ನೋಡಿ, ಕಾಲಲ್ಲಿ ಉಂಡೆ ಕಾಣಬೇಕು. ಮರಿ ಬೆಳೆಯೋಕೆ ಬೇಕಾದ ಪ್ರೋಟೀನು ಅಲ್ಲಿಂದಲೇ, ಪಾಕ ಬರೀ ಶಕ್ತಿಗೆ.

ಉತ್ತರ – ನೀರಹನಿ:
ಬೂಷ್ಟಿಗೆ ಥೈಮಾಲ್ (ಓಮದ ಎಣ್ಣೆಯಲ್ಲಿರೋ ಘಾಟು ವಸ್ತು) ಹಾಕೋರು ಇದಾರೆ, ಅದು ಕೆಲಸನೂ ಮಾಡತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದು ನೀರಲ್ಲಿ ಸರಿಯಾಗಿ ಕರಗಲ್ಲ, ಸ್ವಲ್ಪ ಜಾಸ್ತಿ ಆದ್ರೂ ಹುಳ ಮೂಸಿ ವಾಪಸ್ ಹೋಗ್ತವೆ. ಎರಡು ಪೆಟ್ಟಿಗೆ ಇರೋರಿಗೆ ಅದ್ಯಾಕೆ? ಒಂದೆರಡು ದಿನದಲ್ಲಿ ಮುಗಿಸೋವಷ್ಟೇ ಇಡಿ, ಮತ್ತೆ ತುಂಬೋ ಮುಂಚೆ ಫೀಡರ್, ಅಂದ್ರೆ ಪಾಕ ಇಡೋ ಪಾತ್ರೆನ, ಬಿಸಿನೀರಲ್ಲಿ ತಿಕ್ಕಿ ತೊಳೀರಿ, ಹುಳಿ ಬಂದಿದ್ದನ್ನ ದೂರ ಚೆಲ್ಲಿ. ಕಡ್ಡಿ ಚೂರು ನಾಲ್ಕು ತೇಲಿಬಿಟ್ರೆ ಅದರ ಮೇಲೆ ಕೂತು ನಾಲಿಗೆ ಚಾಚಿ ಕುಡಿತವೆ, ಮುಳುಗಲ್ಲ. ಉಪ್ಪು ಬೇಕಿದ್ರೆ ನೀರಿಗೆ ಹೋದಲ್ಲೇ ಹುಡುಕ್ಕೊಳ್ತವೆ.

ಇನ್ನೊಂದು, ಎಲ್ಲಿಂದಲೋ ತಂದ ಜೇನುತುಪ್ಪ ಮಾತ್ರ ಪಾಕಕ್ಕೆ ಬೆರೆಸ್ಬೇಡಿ. ಫೌಲ್‌ಬ್ರೂಡ್ ರೋಗದ ಬೀಜಕಣ ಅದರಲ್ಲಿದ್ರೆ ಮರಿ ಎಲ್ಲ ಕೊಳೆತು ಹೋಗ್ತವೆ.

ಎರಡು ಪೆಟ್ಟಿಗೆ:
ತುಂಬಾ ಥ್ಯಾಂಕ್ಸ್. ನಿಂಬೆರಸದ್ದು ಪೂರ್ತಿ ಚೆಲ್ಲಿ, ಬರೀ ಸಕ್ಕರೆ ನೀರು ಒಂದೊಂದು ಲೋಟ ಕಡ್ಡಿ ಹಾಕಿ ಇಟ್ಟೆ. ರಾತ್ರಿ ಪೆಟ್ಟಿಗೆಗೆ ಕಿವಿ ಇಟ್ರೆ ಗುಂಯ್ ಅಂತ ಜೋರು ಸದ್ದು, ಬೆಳಿಗ್ಗೆ ಫೀಡರ್ ಒಣಗಿತ್ತು, ಒಂದೂ ಸತ್ತಿರಲಿಲ್ಲ. ಮೇಲಿನ ತುಪ್ಪದ ಕೋಣೆ ಇನ್ನೂ ಹಾಗೇ ಇದೆ, ಇರ್ಲಾ?

ಹಳೇ ಎರಿ:
ಬೇಡ, ಇವತ್ತೇ ತೆಗೆದಿಡಿ. ಪಾಕ ಅಲ್ಲಿಗೆ ಏರಿಸಿದ್ರೆ ನಾಳೆ ನೀವು ತೆಗೆಯೋದು ಜೇನುತುಪ್ಪ ಅಲ್ಲ, ಸಕ್ಕರೆ. ಹೂ ಶುರುವಾಗಿ ಪಾಕ ನಿಲ್ಲಿಸಿದ ಮೇಲೆ ಮತ್ತೆ ಇಡಿ.