ಸರ್ವರ್ ಕೆಟ್ಟರೂ ವರ್ಚುವಲ್ ಮಷೀನ್ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ

ನಮಸ್ಕಾರ. ನಾನು ಒಂದು ಆಸ್ಪತ್ರೆಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಮೂರು ಸರ್ವರ್‌ಗಳ ಕೆವಿಎಂ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷೀನ್‌ಗಳನ್ನು, ಅಂದರೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳನ್ನು, ಓಡಿಸುವ ವ್ಯವಸ್ಥೆ) ಕ್ಲಸ್ಟರ್ ಇದೆ, ಸರ್ವರ್ ಕೆಟ್ಟರೆ ಮಷೀನನ್ನು ಬೇರೆಡೆ ತಾನಾಗಿ ಶುರುಮಾಡುವ ಹೈ ಅವೈಲಬಿಲಿಟಿ ಚಾಲೂ ಇದೆ, ಡಿಸ್ಕ್‌ಗಳು 15 ನಿಮಿಷಕ್ಕೊಮ್ಮೆ ಜಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಮೂಲಕ ಪಕ್ಕದ ಸರ್ವರ್‌ಗೆ ನಕಲಾಗುತ್ತವೆ. ಕಳೆದ ವಾರ ರಾತ್ರಿ ಒಂದು ಸರ್ವರ್‌ನ ಮದರ್‌ಬೋರ್ಡ್ ಸುಟ್ಟುಹೋಯಿತು. ಅದರಲ್ಲಿದ್ದ ಪ್ರಯೋಗಾಲಯದ ಡೇಟಾಬೇಸ್ ಮಷೀನ್ ಎರಡು ನಿಮಿಷಗಳ ನಂತರ ಇನ್ನೊಂದು ಸರ್ವರ್‌ನಲ್ಲಿ ತಾನಾಗಿ ಶುರುವಾಯಿತು. ಆದರೆ ಕೊನೆಯ 11 ನಿಮಿಷಗಳಲ್ಲಿ ನಮೂದಿಸಿದ್ದ ರಕ್ತಪರೀಕ್ಷೆಯ ಫಲಿತಾಂಶಗಳು ಅದರಲ್ಲಿ ಇರಲಿಲ್ಲ. ಸಿಬ್ಬಂದಿ ಪುಸ್ತಕದಲ್ಲಿಯೂ ಬರೆದಿಟ್ಟಿದ್ದರಿಂದ ಎಲ್ಲವನ್ನೂ ಮತ್ತೆ ತುಂಬಿಸಲು ಸಾಧ್ಯವಾಯಿತು.

ಲೈವ್ ಮೈಗ್ರೇಶನ್ ಮಾಡಿದಾಗ ಮಷೀನ್ ನಿಲ್ಲದೆಯೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸರ್ವರ್ ಕೆಟ್ಟಾಗಲೂ ಹಾಗೆಯೇ ಆಗುವಂತೆ ಮಾಡಲು ಏನು ಬೇಕು?

ಉತ್ತರ 1

ಲೈವ್ ಮೈಗ್ರೇಶನ್‌ನಲ್ಲಿ ಹಳೆಯ ಸರ್ವರ್ ಬದುಕಿರುತ್ತದೆ. ಅದರ ಮೆಮೊರಿಯನ್ನು ಓದಿ ಹೊಸ ಸರ್ವರ್‌ಗೆ ಸಾಗಿಸುವುದರಿಂದಲೇ ಮಷೀನ್ ನಿಲ್ಲುವುದಿಲ್ಲ. ಮದರ್‌ಬೋರ್ಡ್ ಸುಟ್ಟ ಮೇಲೆ ಓದಲು ಮೆಮೊರಿಯೇ ಉಳಿಯುವುದಿಲ್ಲ. ಆದ್ದರಿಂದ ಹೈ ಅವೈಲಬಿಲಿಟಿ ಮಾಡುವುದು ಇಷ್ಟೇ: ಉಳಿದಿರುವ ಡಿಸ್ಕ್‌ನಿಂದ ಮಷೀನನ್ನು ಬೇರೆಡೆ ಹೊಸದಾಗಿ ಬೂಟ್ ಮಾಡುವುದು.

ಆ ಎರಡು ನಿಮಿಷಗಳನ್ನು ಕಡಿಮೆ ಮಾಡಲು ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಕೊಡದ ಸರ್ವರ್ ಸತ್ತಿದೆಯೋ, ನೆಟ್‌ವರ್ಕ್ ಕೇಬಲ್ ಮಾತ್ರ ಕಳಚಿದೆಯೋ ಉಳಿದೆರಡು ಸರ್ವರ್‌ಗಳಿಗೆ ದೂರದಿಂದ ಗೊತ್ತಾಗುವುದಿಲ್ಲ. ಉದಾಹರಣೆಗೆ ಕೆವಿಎಂ ಕ್ಲಸ್ಟರ್‌ಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ, ಕೋರಂ (ಬಹುಮತದ ಸರ್ವರ್‌ಗಳೊಂದಿಗಿನ ಸಂಪರ್ಕ) ಕಳೆದುಕೊಂಡ ಸರ್ವರ್ ತನ್ನ ವಾಚ್‌ಡಾಗ್ (ಸಮಯಕ್ಕೆ ಸೂಚನೆ ಸಿಗದಿದ್ದರೆ ಯಂತ್ರವನ್ನು ರೀಸೆಟ್ ಮಾಡುವ ಟೈಮರ್) ಮೂಲಕ 60 ಸೆಕೆಂಡುಗಳಲ್ಲಿ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಅದು ಖಚಿತವಾಗಿ ನಿಂತಿರಬೇಕಾದ ಅವಧಿ ಕಳೆದ ಮೇಲೆಯೇ ಉಳಿದವು ಮಷೀನನ್ನು ಎತ್ತಿಕೊಳ್ಳುತ್ತವೆ. ಈ ಕಾಯುವಿಕೆ ಇಲ್ಲದಿದ್ದರೆ ಒಂದೇ ಡೇಟಾಬೇಸ್ ಎರಡು ಕಡೆ ಓಡಿ, ಯಾವ ನಮೂದು ಸರಿ ಎಂದು ಯಾರೂ ಹೇಳಲಾಗದ ಸ್ಥಿತಿ ಬರುತ್ತದೆ.

ನಿಮ್ಮನ್ನು ನಿಜವಾಗಿ ಕಾಡಬೇಕಾದದ್ದು ಆ 11 ನಿಮಿಷಗಳ ದತ್ತಾಂಶ. ಸೇವೆ ನಿಲ್ಲುವುದು ಬೇರೆ, ದತ್ತಾಂಶ ಕಳೆಯುವುದು ಬೇರೆ. ಕಾಲಕಾಲಕ್ಕೆ ನಕಲು ಮಾಡುವ ವ್ಯವಸ್ಥೆಯಲ್ಲಿ ಅಂತರವನ್ನು ಒಂದು ನಿಮಿಷಕ್ಕೆ ಇಳಿಸಬಹುದು, ಸೊನ್ನೆಗೆ ಇಳಿಸಲಾಗದು. ಬರೆದದ್ದು ಎರಡೂ ಕಡೆ ತಲುಪಿದ ಮೇಲೆಯೇ ‘ಬರೆದಾಯಿತು’ ಎಂದು ಹೇಳುವ ಡಿಆರ್‌ಬಿಡಿಯ (ಡಿಸ್ಕನ್ನು ನೆಟ್‌ವರ್ಕ್ ಮೂಲಕ ನಕಲಿಸುವ ತಂತ್ರಾಂಶ) ಸಿ ಪ್ರೋಟೋಕಾಲ್ ಅಥವಾ ಸೆಫ್ (ದತ್ತಾಂಶವನ್ನು ಹಲವು ಸರ್ವರ್‌ಗಳಲ್ಲಿ ಇಡುವ ಶೇಖರಣಾ ವ್ಯವಸ್ಥೆ) ಬಳಸಿದರೆ ಈ ನಷ್ಟ ತಪ್ಪುತ್ತದೆ.

ಉತ್ತರ 2

ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಫಾಲ್ಟ್ ಟಾಲರೆನ್ಸ್. ಒಂದೇ ಮಷೀನಿನ ಎರಡು ಪ್ರತಿಗಳು ಬೇರೆ ಬೇರೆ ಸರ್ವರ್‌ಗಳಲ್ಲಿ ಜೊತೆಜೊತೆಯಾಗಿ ಸಾಗುತ್ತವೆ; ಒಂದು ಸತ್ತರೆ ಇನ್ನೊಂದು ಅದೇ ಮೆಮೊರಿಯೊಂದಿಗೆ, ಅದೇ ನೆಟ್‌ವರ್ಕ್ ಸಂಪರ್ಕಗಳೊಂದಿಗೆ ಮುಂದುವರಿಯುತ್ತದೆ. ವರ್ಚುವಲ್ ಮಷೀನ್ ತಂತ್ರಾಂಶದ ಕಂಪನಿ ವಿಎಂವೇರ್ ಇದನ್ನು 2009ರಲ್ಲಿ ತನ್ನ ವಿಸ್ಫಿಯರ್ 4ರಲ್ಲಿ ತಂದಾಗ ಒಂದೇ ವರ್ಚುವಲ್ ಸಿಪಿಯು ಇರುವ ಮಷೀನ್‌ಗಳಿಗೆ ಮಾತ್ರ ಸಾಧ್ಯವಿತ್ತು. ಆಗಿನ ವಿಧಾನದಲ್ಲಿ ಮೊದಲ ಪ್ರತಿ ಮಾಡಿದ್ದನ್ನೆಲ್ಲ ಎರಡನೆಯದು ಮರುನಡೆಸುತ್ತಿತ್ತು. ಹಲವು ಸಿಪಿಯುಗಳು ಒಂದೇ ಮೆಮೊರಿಯನ್ನು ಮುಟ್ಟುವ ಕ್ರಮ ಪ್ರತಿ ಸಲವೂ ಬದಲಾಗುವುದರಿಂದ, ಆ ಕ್ರಮವನ್ನು ಇನ್ನೊಂದು ಕಡೆ ಚಾಚೂ ತಪ್ಪದೆ ಮರುನಡೆಸುವುದು ತುಂಬಾ ದುಬಾರಿ. 2015ರ ವಿಸ್ಫಿಯರ್ 6ರಲ್ಲಿ ಮರುನಡೆಸುವ ದಾರಿಯನ್ನೇ ಬಿಟ್ಟು, ಬದಲಾದ ಮೆಮೊರಿಯನ್ನು ಪದೇಪದೇ ಕಳುಹಿಸುವ ಚೆಕ್‌ಪಾಯಿಂಟ್ ವಿಧಾನಕ್ಕೆ ಬಂದ ಮೇಲೆ ನಾಲ್ಕು ಸಿಪಿಯುಗಳವರೆಗೆ ಬೆಂಬಲ ದೊರೆಯಿತು.

ಚೆಕ್‌ಪಾಯಿಂಟ್ ವಿಧಾನವನ್ನು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಝೆನ್ ಎಂಬ ವರ್ಚುವಲ್ ಮಷೀನ್ ತಂತ್ರಾಂಶದ ಮೇಲೆ ರೀಮಸ್ ಎಂಬ ಹೆಸರಿನಲ್ಲಿ 2008ರಲ್ಲೇ ತೋರಿಸಿದ್ದರು. ಅದರಲ್ಲಿ ಸೆಕೆಂಡಿಗೆ 40 ಸಲದವರೆಗೆ ಸ್ಥಿತಿಯನ್ನು ಕಳುಹಿಸಬಹುದಿತ್ತು. ಆ ಸ್ಥಿತಿ ಇನ್ನೊಂದು ಸರ್ವರ್‌ಗೆ ತಲುಪಿತೆಂದು ಖಚಿತವಾಗುವವರೆಗೆ ಮಷೀನ್ ಹೊರಗೆ ಕಳುಹಿಸುವ ಪ್ಯಾಕೆಟ್‌ಗಳನ್ನು ತಡೆದಿಡುತ್ತಾರೆ. ಹೀಗೆ ತಡೆಯದಿದ್ದರೆ, ‘ಫಲಿತಾಂಶ ಉಳಿಯಿತು’ ಎಂದು ಬಳಕೆದಾರರಿಗೆ ಹೇಳಿಬಿಟ್ಟ ಮರುಕ್ಷಣವೇ ಸರ್ವರ್ ಸತ್ತಾಗ, ಬದುಕುಳಿದ ಪ್ರತಿಗೆ ಆ ಫಲಿತಾಂಶದ ಸುಳಿವೇ ಇರುವುದಿಲ್ಲ. ಬೆಲೆ ಇರುವುದೂ ಇಲ್ಲಿಯೇ: ಪ್ರತಿ ಉತ್ತರವೂ ಕೆಲವು ಮಿಲಿಸೆಕೆಂಡು ತಡವಾಗುತ್ತದೆ, ಮತ್ತು ಡೇಟಾಬೇಸ್‌ನಂತೆ ಹೆಜ್ಜೆಹೆಜ್ಜೆಗೂ ಉತ್ತರಕ್ಕೆ ಕಾಯುವ ಕೆಲಸದಲ್ಲಿ ಅದು ಕೂಡುತ್ತಾ ಹೋಗುತ್ತದೆ. ಕೆವಿಎಂ ಜೊತೆ ಬಳಸುವ ಕ್ಯೂಇಎಂಯುನಲ್ಲಿ ಕೋಲೋ ಎಂಬ ವ್ಯವಸ್ಥೆ ಇದೆ; ಎರಡೂ ಪ್ರತಿಗಳ ಪ್ಯಾಕೆಟ್‌ಗಳನ್ನು ಹೋಲಿಸಿ, ವ್ಯತ್ಯಾಸ ಕಂಡಾಗ ಸ್ಥಿತಿಯನ್ನು ಸರಿಹೊಂದಿಸುತ್ತದೆ. ಆದರೂ ಆಸ್ಪತ್ರೆಯ ನಿತ್ಯದ ಕೆಲಸಕ್ಕೆ ಅದನ್ನು ನಾನು ಶಿಫಾರಸು ಮಾಡಲಾರೆ.

ಇನ್ನೊಂದು ಮಾತು. ಡೇಟಾಬೇಸ್ ತಂತ್ರಾಂಶ ತನ್ನದೇ ದೋಷದಿಂದ ಬಿದ್ದರೆ ಎರಡೂ ಪ್ರತಿಗಳು ಒಟ್ಟಿಗೇ ಬೀಳುತ್ತವೆ. ಫಾಲ್ಟ್ ಟಾಲರೆನ್ಸ್ ಕಾಯುವುದು ಯಂತ್ರಾಂಶದ ಸಾವಿನಿಂದ ಮಾತ್ರ.

ಉತ್ತರ 3

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮಷೀನನ್ನು ಬದುಕಿಸುವುದರ ಬದಲು ಡೇಟಾಬೇಸನ್ನು ಬದುಕಿಸುತ್ತಿದ್ದೆ. ನಿಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಂದು ಭಾವಿಸಿ ಹೇಳುತ್ತೇನೆ: ಮೂರು ಸರ್ವರ್‌ಗಳಲ್ಲಿ ಮೂರು ಡೇಟಾಬೇಸ್ ಮಷೀನ್‌ಗಳಿರಲಿ, ಅವು ಎಂದಿಗೂ ಒಂದೇ ಸರ್ವರ್‌ನಲ್ಲಿ ಸೇರದಂತೆ ನಿಯಮ ಹಾಕಿ, ಎರಡು ಸ್ಟ್ಯಾಂಡ್‌ಬೈಗಳಲ್ಲಿ (ಮುಖ್ಯ ಡೇಟಾಬೇಸ್‌ನ ನಕಲಿಟ್ಟು ಸಿದ್ಧವಿರುವವು) ಯಾವುದಾದರೂ ಒಂದು ಒಪ್ಪಿದ ಮೇಲೆ ಕಮಿಟ್ ಆಗುವಂತೆ (ನಮೂದು ಖಾಯಂ ಆಗುವಂತೆ) ಸಿಂಕ್ರೊನಸ್ ರೆಪ್ಲಿಕೇಶನ್ ಇಡಿ. ಸ್ಟ್ಯಾಂಡ್‌ಬೈ ಒಂದೇ ಇದ್ದರೆ ಅದು ಕೆಟ್ಟ ದಿನ ಮುಖ್ಯ ಡೇಟಾಬೇಸ್‌ನ ಬರವಣಿಗೆಯೂ ನಿಲ್ಲುತ್ತದೆ. ನಾಯಕನನ್ನು, ಅಂದರೆ ಮುಖ್ಯ ಡೇಟಾಬೇಸನ್ನು, ಬದಲಿಸುವ ಕೆಲಸವನ್ನು ಪತ್ರೋನಿ ಎಂಬ ತಂತ್ರಾಂಶಕ್ಕೆ ಬಿಡಬಹುದು. ಅದರ ಮೂಲ ಹೊಂದಾಣಿಕೆಯಲ್ಲಿ ನಾಯಕನ ಹಕ್ಕಿನ ಅವಧಿ 30 ಸೆಕೆಂಡು; ಅಷ್ಟರಲ್ಲಿ ಅದು ನವೀಕರಣವಾಗದಿದ್ದರೆ ಬೇರೊಂದು ನಾಯಕನಾಗುತ್ತದೆ.

ಆ ಅರ್ಧ ನಿಮಿಷ ಸಂಪರ್ಕ ಕಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಪ್ರಯೋಗಾಲಯದ ತಂತ್ರಾಂಶ ಮತ್ತೆ ಸಂಪರ್ಕಿಸಿ, ಉತ್ತರ ಬಾರದ ನಮೂದನ್ನು ಮತ್ತೆ ಕಳುಹಿಸಬೇಕು. ಮೊದಲನೆಯದು ಆಗಲೇ ಉಳಿದಿದ್ದರೆ ಎರಡು ಸಲ ಸೇರದಂತೆ ಪ್ರತಿ ನಮೂದಿಗೂ ಒಂದು ಅನನ್ಯ ಸಂಖ್ಯೆ ಇರಬೇಕು. ಇದನ್ನು ತಂತ್ರಾಂಶ ಬರೆದವರಿಂದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಅರ್ಧ ನಿಮಿಷದ ತಡೆಯನ್ನು ನಮ್ಮ ಪ್ರಯೋಗಾಲಯ ಸಹಿಸುತ್ತದೆ, ಒಂದು ಫಲಿತಾಂಶದ ನಷ್ಟವನ್ನು ಸಹಿಸುವುದಿಲ್ಲ. ಮೂರನೆಯ ಉತ್ತರದ ದಾರಿಯನ್ನು ಹಿಡಿಯುತ್ತೇನೆ. ಬರುವ ಭಾನುವಾರ ಪರೀಕ್ಷೆಗಾಗಿ ಒಂದು ಸರ್ವರ್‌ನ ವಿದ್ಯುತ್ ತಂತಿಯನ್ನು ಕೀಳುವ ಯೋಚನೆ ಇದೆ, ಅಷ್ಟು ಸಾಕೇ?

ಉತ್ತರ 1

ಸಾಲದು. ಇನ್ನೊಮ್ಮೆ, ವಿದ್ಯುತ್ತನ್ನು ಹಾಗೆಯೇ ಬಿಟ್ಟು, ಆ ಸರ್ವರ್‌ನ ಎಲ್ಲ ನೆಟ್‌ವರ್ಕ್ ಕೇಬಲ್‌ಗಳನ್ನು ಮಾತ್ರ ಕಿತ್ತು ನೋಡಿ. ಹಳೆಯ ನಾಯಕ ಬರೆಯುವುದನ್ನು ತಾನೇ ನಿಲ್ಲಿಸುತ್ತದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ. ಜೊತೆಗೆ, ಮೂರೂ ಸರ್ವರ್‌ಗಳು ಒಂದೇ ಯುಪಿಎಸ್ ಮತ್ತು ಒಂದೇ ಸ್ವಿಚ್‌ಗೆ ಜೋಡಣೆಯಾಗಿಲ್ಲವೆಂದು ಶನಿವಾರವೇ ಕಣ್ಣಾರೆ ನೋಡಿಕೊಳ್ಳಿ.